ತಡೆದಷ್ಟೂ ಮೀರುವ ಹಸಿವೆ

ಅತಿಯಾಗಿ ತಿನ್ನುವವನಿಗೆ ನಮ್ಮ ನುಡಿಯಲ್ಲಿ ಹೆಸರುಗಳಿಗೆ ಬರವಿಲ್ಲ. ಹೊಟ್ಟೆಬಾಕನೆನ್ನುತ್ತೇವೆ, ಬಕಾಸುರನೆನ್ನುತ್ತೇವೆ, ಸ್ವಲ್ಪ ಸೌಮ್ಯವಾಗಿ ಹೇಳುವವರು ಬಾಯಿಚಪಲವೆನ್ನುತ್ತಾರೆ, ಪಂಡಿತರು ಜಿಹ್ವಾಚಾಪಲ್ಯವೆನ್ನುತ್ತಾರೆ. ಹೆಸರು ಯಾವುದಾದರೂ ಅದರೊಳಗಿನ ತೀರ್ಪು ಒಂದೇ: ಈತನಿಗೆ ಮನೋನಿಗ್ರಹ ಸಾಲದು. ತೀರ್ಪು ಹೀಗಿರುವುದರಿಂದ ಶಿಕ್ಷೆಯೂ ಚಿಕಿತ್ಸೆಯೂ ಒಂದೇ ಆಗಿಬಿಡುತ್ತವೆ. ಒಂದು ಹೊತ್ತು ಊಟ ಬಿಡಬೇಕು, ಅನ್ನ ಕಡಮೆ ಮಾಡಬೇಕು, ಸಿಹಿಯ ಡಬ್ಬಿಗೆ ಬೀಗ ಹಾಕಬೇಕು.

ತಿಂಡಿಪ್ರಿಯತೆ ಬೇರೆ, ಇಲ್ಲಿ ನಾವು ವಿಚಾರ ಮಾಡಲಿರುವ ಸಂಗತಿ ಬೇರೆ. ಹಬ್ಬದ ದಿನ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಡಿಸಿಕೊಂಡು ಉಂಡವನು ಮಧ್ಯಾಹ್ನ ಚಾಪೆಯ ಮೇಲೆ ಹೊರಳಿ ಸುಖವಾಗಿ ನಿದ್ರಿಸುತ್ತಾನೆ. ಅವನಿಗೆ ಯಾವ ಔಷಧವೂ ಬೇಡ. ನಮ್ಮ ವಿಷಯಕ್ಕೆ ಸೇರಿದವನ ಅನುಭವ ಇಂಥದಲ್ಲ. ದೇಹ ಇಳಿಸಬೇಕೆಂದು ಅವನು ಬೆಳಗಿನ ತಿಂಡಿಯನ್ನು ಬಿಟ್ಟಿರುತ್ತಾನೆ, ಮಧ್ಯಾಹ್ನ ಅರೆಹೊಟ್ಟೆ ಉಂಡಿರುತ್ತಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ದೀಪ ಹಾಕಿ ಒಂದು ಚಕ್ಕುಲಿಯನ್ನು ಮುರಿಯುತ್ತಾನೆ. ಅಲ್ಲಿಂದ ಮುಂದೆ ಕೈ ಅವನ ಅಧೀನದಲ್ಲಿರುವುದಿಲ್ಲ. ರುಚಿ ತಿಳಿಯುವ ಮುನ್ನವೇ ನುಂಗುತ್ತಾನೆ; ಹೊಟ್ಟೆ ಬಿರಿಯುವಂತಾದ ಮೇಲೂ ನಿಲ್ಲಿಸಲಾರ. ಕೊನೆಗೆ ಉಳಿಯುವುದು ನಾಚಿಕೆ, ತನ್ನ ಮೇಲೆ ತನಗೇ ಹೇಸಿಗೆ, ಮತ್ತು ನಾಳೆ ಏನನ್ನೂ ಮುಟ್ಟುವುದಿಲ್ಲವೆಂಬ ಶಪಥ. ಆ ಶಪಥ ಮರುದಿನ ಸಂಜೆಯವರೆಗೆ ನಡೆಯುತ್ತದೆ. ‘ಅವನು’ ಎಂದು ಬರೆದೆನಾದರೂ ‘ಅವಳು’ ಎಂದೇ ಓದಿಕೊಳ್ಳಬಹುದು. ಈ ತೊಂದರೆ ಹೆಂಗಸರಲ್ಲಿ ಹೆಚ್ಚು, ಗಂಡಸರಲ್ಲಿಯೂ ಅಪರೂಪವಲ್ಲ.

ವೈದ್ಯರು ಇದನ್ನು ಗುರುತಿಸಿ ಬಹಳ ಕಾಲವೇನೂ ಆಗಿಲ್ಲ. 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ಅಮೆರಿಕದ ಮನೋವೈದ್ಯರು ತಮ್ಮ ಸ್ಥೂಲಕಾಯದ ರೋಗಿಗಳಲ್ಲಿ ಕೆಲವರು ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ, ತಡೆಯಲಾಗದೆ ತಿನ್ನುವುದನ್ನು ವರ್ಣಿಸಿದರು. ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೊಂದು ಸ್ವತಂತ್ರ ಸ್ಥಾನ ಕೊಟ್ಟುದು 2013ರಲ್ಲಿ. ಆ ಕೈಪಿಡಿಯ ಪ್ರಕಾರ ತಿಂದ ಪ್ರಮಾಣವೊಂದೇ ಸಾಲದು, ತಿನ್ನುವಾಗ ‘ನನ್ನ ಹಿಡಿತ ತಪ್ಪಿದೆ’ ಎಂಬ ಭಾವವೂ ಇರಬೇಕು. ಮೂರು ತಿಂಗಳ ಕಾಲ ವಾರಕ್ಕೊಮ್ಮೆಯಾದರೂ ಹೀಗಾಗುತ್ತಿದ್ದರೆ ಅದು ರೋಗ. ಅಷ್ಟಕ್ಕೆ ಮುಟ್ಟದೆ ಅದರ ಆಸುಪಾಸಿನಲ್ಲಿ ನರಳುವವರೂ ಇದ್ದಾರೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಮೇಲೆ ಹೇಳಿದ ಆ ಶಪಥವೇ ಬಹುಮಟ್ಟಿಗೆ ಈ ತೊಂದರೆಯ ಒಂದು ಅಂಗ. ಉಪವಾಸವೆಂಬ ಔಷಧವು ಇಲ್ಲಿ ಎಷ್ಟೋ ಸಲ ರೋಗವನ್ನೇ ಸಾಕುತ್ತದೆ.

ಭೌತಶಾಸ್ತ್ರದ ಅಧ್ಯಾಪಕನಿಗೆ ಊಟದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಈ ವಿಷಯದಲ್ಲಿ ಅತಿಯಾಗಿ ದುರುಪಯೋಗವಾಗಿರುವ ನಿಯಮ ನಮ್ಮ ಶಾಸ್ತ್ರದ್ದು. ಅದರ ಮಾನ ಕಾಯುವ ಹೊಣೆಯೂ ನಮ್ಮದೇ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂಬುದನ್ನು ಎಲ್ಲರೂ ಪಾಠದಲ್ಲಿ ಓದಿದ್ದೇವೆ. ಈ ನಿಯಮ ಜೀವಂತ ಮನುಷ್ಯನಿಗೂ ಅನ್ವಯಿಸುತ್ತದೆಯೆಂಬುದನ್ನು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ 1890ರ ದಶಕದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞರೂ ಎಡ್ವರ್ಡ್ ರೋಸ ಎಂಬ ಭೌತಶಾಸ್ತ್ರಜ್ಞರೂ ಸೇರಿ ಅಳೆದು ತೋರಿಸಿದರು. ಮನುಷ್ಯನೊಬ್ಬ ದಿನಗಟ್ಟಲೆ ಉಂಡು ಮಲಗಿ ಇರಬಹುದಾದಷ್ಟು ದೊಡ್ಡದಾದ ಕ್ಯಾಲೊರಿಮಾಪಕವನ್ನೇ ಅವರು ಕಟ್ಟಿದರು. ಅದೊಂದು ತಾಮ್ರದ ಹೊದಿಕೆಯ ಸಣ್ಣ ಕೊಠಡಿ. ಒಳಗಿನವನ ಮೈಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೊತ್ತೊಯ್ಯುತ್ತಿತ್ತು. ಹರಿದ ನೀರೆಷ್ಟು, ಅದು ಎಷ್ಟು ಬಿಸಿಯಾಯಿತು ಎಂಬುದರಿಂದ ಶಾಖದ ಲೆಕ್ಕ ಸಿಗುತ್ತಿತ್ತು. ಉಂಡ ಆಹಾರದ ಶಕ್ತಿಯೂ ಹೊರಬಿದ್ದ ಶಕ್ತಿಯೂ ಚೆನ್ನಾಗಿ ತಾಳೆಯಾದುವು. ದಿನಕ್ಕೆ 2000 ಕಿಲೊಕ್ಯಾಲೊರಿ ಉಣ್ಣುವವನ ದೇಹ ಸರಾಸರಿ 97 ವಾಟ್ ಸಾಮರ್ಥ್ಯದಲ್ಲಿ ನಡೆಯುತ್ತಿದೆಯೆಂದು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಹಿಂದಿನ ಕಾಲದ 100 ವಾಟಿನ ಬುರುಡೆಯಷ್ಟು!

ಇಲ್ಲಿಯವರೆಗೆ ಸರಿ. ಆದರೆ ಇದರಿಂದ ‘ಹೆಚ್ಚು ತಿಂದದ್ದರಿಂದ ದಪ್ಪನಾದ, ಆದುದರಿಂದ ಕಡಮೆ ತಿನ್ನಲಿ’ ಎಂಬ ಉಪದೇಶವನ್ನು ಇಳಿಸುವವರು ಒಂದು ಮುಖ್ಯ ಮೆಟ್ಟಲನ್ನು ಹಾರಿಬಿಡುತ್ತಾರೆ. ಊರ ಕೆರೆ ಕೋಡಿ ಬಿದ್ದಿತು ಎನ್ನಿ. ಒಳಬಂದ ನೀರು ತೂಬಿನಿಂದ ಹೊರಹೋದ ನೀರಿಗಿಂತ ಹೆಚ್ಚಾಯಿತು ಎಂದು ವಿವರಿಸಿದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಮಳೆ ಏಕೆ ಬಂತು, ತೂಬನ್ನು ಮುಚ್ಚಿದವರಾರು ಎಂಬುದು ಆ ಲೆಕ್ಕದಲ್ಲಿಲ್ಲ. ಶಕ್ತಿಯ ನಿಯಮ ಜಮಾಖರ್ಚಿನ ಪುಸ್ತಕ. ಜಮೆ ಏಕಾಯಿತು, ಖರ್ಚು ಏಕಾಯಿತು ಎಂಬುದನ್ನು ಬೇರೆ ಕಡೆ ಹುಡುಕಬೇಕು. ಅದಕ್ಕಿಂತಲೂ ಮುಖ್ಯವಾದುದೆಂದರೆ, ಈ ಪುಸ್ತಕದಲ್ಲಿ ಜಮೆ ಮತ್ತು ಖರ್ಚು ಒಂದನ್ನೊಂದು ಅವಲಂಬಿಸಿವೆ. ಒಳಬರುವುದನ್ನು ತಡೆದರೆ ದೇಹ ಸುಮ್ಮನಿರುವುದಿಲ್ಲ. ಅದು ಏನು ಮಾಡುತ್ತದೆಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದಿದೆ.

1944ರ ನವೆಂಬರ್ ತಿಂಗಳು. ಎರಡನೆಯ ಮಹಾಯುದ್ಧ ಮುಗಿಯುವ ಹಂತಕ್ಕೆ ಬರುತ್ತಿತ್ತು. ಯೂರೋಪಿನಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಬಡಕಲಾಗಿದ್ದರು. ಯುದ್ಧ ನಿಂತ ಮೇಲೆ ಅವರಿಗೆ ಏನನ್ನು, ಎಷ್ಟನ್ನು ಉಣ್ಣಿಸಬೇಕೆಂಬುದು ವೈದ್ಯರಿಗೆ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ಅರಿಯಲೆಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆ್ಯನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು 36 ಮಂದಿ ತರುಣರನ್ನು ಆರಿಸಿಕೊಂಡರು. ಕೊಲ್ಲುವುದು ತಮ್ಮ ಅಂತಃಕರಣಕ್ಕೆ ಒಪ್ಪದೆಂದು ಸೈನ್ಯಕ್ಕೆ ಸೇರಲು ನಿರಾಕರಿಸಿದ್ದವರು ಅವರು. ಬಂದೂಕಿಗೆ ಬದಲಾಗಿ ಹಸಿವೆಯನ್ನು ತಾವಾಗಿಯೇ ವಹಿಸಿಕೊಂಡರು. ದೇಹದಲ್ಲಿಯೂ ಮನಸ್ಸಿನಲ್ಲಿಯೂ ಗಟ್ಟಿಯಾಗಿದ್ದವರನ್ನೇ ಪರೀಕ್ಷಿಸಿ ಆರಿಸಲಾಗಿತ್ತು. ಇದನ್ನು ವಾಚಕರು ಮರೆಯಬಾರದು. ಮನೋನಿಗ್ರಹದ ಪರೀಕ್ಷೆ ನಡೆಸಬೇಕಾದರೆ ಇವರಿಗಿಂತ ಯೋಗ್ಯರು ಸಿಕ್ಕುವುದು ಕಷ್ಟ.

ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಮೆಟ್ಟಲುಗಳ ಕೆಳಗಿನ ಕೋಣೆಗಳಲ್ಲಿ ಅವರ ವಾಸ. ಮೊದಲ 12 ವಾರ ದಿನಕ್ಕೆ ಸುಮಾರು 3200 ಕಿಲೊಕ್ಯಾಲೊರಿಯ ಊಟ. 1945ರ ಫೆಬ್ರವರಿಯಿಂದ 24 ವಾರ ಅರ್ಧೋಪವಾಸ: ದಿನಕ್ಕೆ ಎರಡು ಹೊತ್ತು, ಸರಾಸರಿ 1570 ಕಿಲೊಕ್ಯಾಲೊರಿ; ಬರಗಾಲದ ಯೂರೋಪಿನಲ್ಲಿ ಸಿಕ್ಕುತ್ತಿದ್ದಂಥ ಆಲೂಗಡ್ಡೆ, ಟರ್ನಿಪ್ ಗಡ್ಡೆ, ಒರಟು ರೊಟ್ಟಿ, ಮ್ಯಾಕರೋನಿ. ವಾರಕ್ಕೆ 22 ಮೈಲಿ, ಎಂದರೆ ಸುಮಾರು 35 ಕಿಲೋಮೀಟರು ನಡೆಯಬೇಕು. ದೇಹತೂಕದ ಕಾಲುಭಾಗ ಕರಗಬೇಕೆಂಬುದು ಗುರಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 155 ವಾಟಿನಲ್ಲಿ ನಡೆಯುತ್ತಿದ್ದ ಯಂತ್ರಕ್ಕೆ 76 ವಾಟನ್ನು ಮಾತ್ರ ಒದಗಿಸಲಾಯಿತು. ಈಚಿನ ದಿನಗಳಲ್ಲಿ ದೇಹ ಇಳಿಸಲು ಅನೇಕರು ತಾವಾಗಿ ಕೈಕೊಳ್ಳುವ ಮಿತಾಹಾರದ ಪಟ್ಟಿಗಳಲ್ಲಿ 1200 ಕಿಲೊಕ್ಯಾಲೊರಿಯ ಪಟ್ಟಿಗಳೂ ಇವೆ. ಕೀಸ್ ಅವರು ಅದಕ್ಕಿಂತ ಹೆಚ್ಚನ್ನು ಕೊಟ್ಟು ಅದನ್ನು ‘ಅರ್ಧೋಪವಾಸ’ವೆಂದು ಕರೆದರು.

ಮೊದಲು ಬದಲಾದುದು ಖರ್ಚಿನ ಕಡೆ. ನಿಮಿಷಕ್ಕೆ ಸುಮಾರು 55 ಸಲ ಬಡಿಯುತ್ತಿದ್ದ ಹೃದಯ 35ರ ಹತ್ತಿರಕ್ಕೆ ಇಳಿಯಿತು. ವಿಶ್ರಾಂತಿಯಲ್ಲಿರುವಾಗ ದೇಹ ವ್ಯಯಿಸುವ ಶಕ್ತಿ ಶೇಕಡ 40ರಷ್ಟು ಕಡಮೆಯಾಯಿತು. ಬೇಸಗೆಯಲ್ಲಿಯೂ ಅವರಿಗೆ ಚಳಿ. ಮೆಟ್ಟಲು ಹತ್ತುವುದೆಂದರೆ ಆಯಾಸ. ಆದಾಯ ತಗ್ಗಿದ ಮನೆಯ ಯಜಮಾನಿಯಂತೆ ದೇಹ ಒಂದೊಂದೇ ದೀಪವನ್ನು ಆರಿಸುತ್ತ ಬಂದಿತು.

ಆದರೆ ನಮಗೆ ಇಲ್ಲಿ ಹೆಚ್ಚು ಬೇಕಾದುದು ಮನಸ್ಸಿನ ವೃತ್ತಾಂತ. ರಾಜಕೀಯ, ಸಂಗೀತ, ಧರ್ಮ ಎಂದು ಚರ್ಚಿಸುತ್ತಿದ್ದ ತರುಣರಿಗೆ ಕ್ರಮೇಣ ಊಟದ ಹೊರತು ಬೇರೆ ಮಾತೇ ಉಳಿಯಲಿಲ್ಲ. ಹಿಂದೆಂದೂ ಒಲೆಯ ಬಳಿ ಸುಳಿಯದಿದ್ದವರು ಅಡಿಗೆಯ ಪುಸ್ತಕಗಳನ್ನು ಸಂಗ್ರಹಿಸಿ ಕಥೆಪುಸ್ತಕಗಳಂತೆ ಓದತೊಡಗಿದರು. ತಟ್ಟೆಗಳನ್ನು ನೆಕ್ಕಿದರು. ಕೆಲವರು ಒಂದು ತುತ್ತನ್ನು ಬಹು ಹೊತ್ತು ಬಾಯಲ್ಲಿಟ್ಟುಕೊಂಡು ಊಟವನ್ನು ಎಳೆದರು. ನೀರು ಬೆರಸಿ ತಿಳಿಮಾಡಿ ಹೆಚ್ಚಿಸಿಕೊಂಡರು. ಕಾಫಿಯನ್ನು ಮಿತಿಮೀರಿ ಕುಡಿದರು, ಚೂಯಿಂಗ್ ಗಮ್ಮನ್ನು ಪೊಟ್ಟಣಗಟ್ಟಲೆ ಅಗಿದರು. ಕೊನೆಗೆ ಎರಡಕ್ಕೂ ಮಿತಿ ಹಾಕಬೇಕಾಯಿತು. ಕೆಲವರು ಊರಿಗೆ ಹೋದಾಗ ನಿಯಮ ಮುರಿದು ಕದ್ದು ತಿಂದರು, ತಿಂದು ಪಶ್ಚಾತ್ತಾಪದಿಂದ ಕುಗ್ಗಿದರು. ಆಮೇಲೆ ಯಾರೂ ಒಬ್ಬಂಟಿಯಾಗಿ ಹೊರಗೆ ಹೋಗಕೂಡದೆಂಬ ಕಟ್ಟಳೆ ಬಂದಿತು. ಲೋಕಕಲ್ಯಾಣಕ್ಕಾಗಿ ಹಸಿವೆಯನ್ನು ವ್ರತವಾಗಿ ಹಿಡಿದವರ ಅವಸ್ಥೆ ಇದು!

ಅರ್ಧೋಪವಾಸ 1945ರ ಜುಲೈ ಕೊನೆಗೆ ಮುಗಿಯಿತು. ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು; ಮುಗಿಯಲಿಲ್ಲ. ಆಹಾರವನ್ನು ಕ್ರಮವಾಗಿ ಹೆಚ್ಚಿಸುತ್ತ ಬಂದರೂ ಹಸಿವೆ ಇಂಗಲಿಲ್ಲ. ಆ ಬಳಿಕ 12 ಮಂದಿಯನ್ನು ಇನ್ನೂ 8 ವಾರ ಅಲ್ಲಿಯೇ ಇರಿಸಿಕೊಂಡು ಮನಬಂದಷ್ಟು ಉಣ್ಣಲು ಬಿಟ್ಟು ನೋಡಿದರು. ಹಿಂದಿನ ಸಹಜ ಊಟದ ಎರಡು ಮೂರು ಪಟ್ಟನ್ನು ಉಂಡವರಿದ್ದರು. ಹೊಟ್ಟೆ ತುಂಬಿ ನೋಯುತ್ತಿದ್ದರೂ ‘ಇನ್ನೂ ಹಸಿವೆ’ ಎಂದರು. ಕರಗಿದ್ದ ಕೊಬ್ಬು ಬೇಗ ಮರಳಿ ಮೊದಲಿದ್ದುದಕ್ಕಿಂತ ಹೆಚ್ಚಾಯಿತು. ಮಾಂಸಖಂಡ ಮರಳಲು ತಡವಾಯಿತು. ಈ 12 ಮಂದಿಯ ಅಂಕಿಗಳನ್ನು ಅಬ್ದುಲ್ ಡುಲೂ ಎಂಬ ಶರೀರಶಾಸ್ತ್ರಜ್ಞರೂ ಅವರ ಜೊತೆಗಾರರೂ 1997ರಲ್ಲಿ ಮತ್ತೆ ಪರಿಶೀಲಿಸಿದಾಗ, ಕಳೆದುಕೊಂಡ ಕೊಬ್ಬಿನೊಡನೆ ಕಳೆದುಕೊಂಡ ಮಾಂಸಖಂಡವೂ ಅತಿಹಸಿವೆಗೆ ಸಂಬಂಧಿಸಿರುವುದು ಕಂಡುಬಂದಿತು. ಆ ತರುಣರಲ್ಲಿ ಬದುಕಿ ಉಳಿದಿದ್ದ 18 ಮಂದಿಯನ್ನು ಅರುವತ್ತು ವರ್ಷಗಳ ತರುವಾಯ ಸಂದರ್ಶಿಸಿದಾಗ, ಪೂರ್ತಿ ಸುಧಾರಿಸಿಕೊಳ್ಳಲು ಎರಡು ತಿಂಗಳಿಂದ ಎರಡು ವರ್ಷದವರೆಗೆ ಹಿಡಿಯಿತೆಂದು ಅವರು ಹೇಳಿದರು. ಕೀಸ್ ಅವರು ಈ ಎಲ್ಲವನ್ನೂ 1950ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ ಪ್ರಕಟಿಸಿದರು.

ಅಡಿಗೆಮನೆಯಲ್ಲಿ ರಾತ್ರಿ ಡಬ್ಬಿ ತೆರೆದವನ ಕಥೆಗೂ ಇದಕ್ಕೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕಲ್ಪಬಲದಲ್ಲಿ ಎತ್ತರದವರಾದ 36 ಮಂದಿಯನ್ನು ಉಪವಾಸವು ಆಹಾರದ ಗೀಳಿಗೆ ಗುರಿಮಾಡಿತಾದರೆ, ಪರೀಕ್ಷೆಯ ಭಾರ ಹೊತ್ತ ಹದಿನೇಳರ ಹುಡುಗಿಯೊಬ್ಬಳು ಅದಕ್ಕೆ ಒಳಗಾದುದಕ್ಕೆ ಅವಳ ಶೀಲವನ್ನು ಹಳಿಯುವುದು ಯಾವ ನ್ಯಾಯ?

ಇದು ಏಕೆ ಹೀಗಾಗುತ್ತದೆ? ನನಗೆ ಇದರಲ್ಲಿ ಯಂತ್ರಶಾಸ್ತ್ರದ ಒಂದು ಹಳೆಯ ಪರಿಚಯದ ಮುಖ ಕಾಣುತ್ತದೆ. ಚಳಿಗಾಲದ ಬೆಳಗ್ಗೆ ಸ್ನಾನಕ್ಕೆ ನಿಂತಿದ್ದೀರಿ. ನೀರು ಕಾಯಿಸುವ ಹಂಡೆ ದೂರದಲ್ಲಿದೆ, ನಡುವೆ ಉದ್ದನೆಯ ಕೊಳಾಯಿ. ನಲ್ಲಿ ತಿರುಗಿಸುತ್ತೀರಿ, ತಣ್ಣೀರು. ಇನ್ನೂ ತಿರುಗಿಸುತ್ತೀರಿ; ಬಿಸಿನೀರು ಹೊರಟಿದೆ, ಆದರೆ ನಿಮ್ಮ ಕೈಗೆ ಬಂದಿಲ್ಲ. ತಾಳ್ಮೆ ತಪ್ಪಿ ಪೂರ್ತಿ ತಿರುಗಿಸುತ್ತೀರಿ, ಆಗ ಸುಡುವ ನೀರು ಬಂದು ಬೀಳುತ್ತದೆ! ಹೌಹಾರಿ ಒಮ್ಮೆಗೇ ಮುಚ್ಚುತ್ತೀರಿ. ಸ್ವಲ್ಪ ಹೊತ್ತಿಗೆ ಹಿಮದಂಥ ನೀರು. ಕೊಳಾಯಿಯಲ್ಲಿ ದೋಷವಿಲ್ಲ, ಹಂಡೆಯಲ್ಲಿ ದೋಷವಿಲ್ಲ. ಸುದ್ದಿ ತಡವಾಗಿ ಮುಟ್ಟುವ ವ್ಯವಸ್ಥೆಯಲ್ಲಿ ತಿದ್ದುಪಡಿ ಅತಿ ಜೋರಾದರೆ ಅದು ಎರಡು ಕೊನೆಗಳ ನಡುವೆ ತೂಗಾಡತೊಡಗುತ್ತದೆ. ಹಬೆಯಂತ್ರಗಳ ವೇಗವನ್ನು ಹದದಲ್ಲಿಡಬೇಕಾದ ನಿಯಂತ್ರಕಗಳೇ ಕೆಲವೊಮ್ಮೆ ವೇಗವನ್ನು ಓಲಾಡಿಸುವುದನ್ನು ಕಂಡು, ಅವು ಯಾವಾಗ ಸ್ಥಿರವಾಗಿರುತ್ತವೆಂಬುದನ್ನು ಗಣಿತದಿಂದ ವಿಚಾರ ಮಾಡಿದವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಆ ಪ್ರಬಂಧ 1868ರದು. ವಿದ್ಯುತ್ಕಾಂತತೆಯ ಸಮೀಕರಣಗಳ ಪ್ರಭೆಯಲ್ಲಿ ಮ್ಯಾಕ್ಸ್‌ವೆಲ್ಲರ ಈ ಕೆಲಸವನ್ನು ನಮ್ಮ ಪಠ್ಯಪುಸ್ತಕಗಳು ಮರೆತುಬಿಟ್ಟಿವೆ.

ಉಪಮೆ ಪ್ರಮಾಣವಲ್ಲವೆಂಬುದು ನಿಜ. ಆದರೆ ದೇಹದಲ್ಲಿ ತಡವಾಗಿ ಮುಟ್ಟುವ ಸುದ್ದಿಗಳಿರುವುದು ಉಪಮೆಯಲ್ಲ. ತುತ್ತು ಗಂಟಲಿಳಿದೊಡನೆ ‘ಸಾಕು’ ಎಂಬ ವರದಿ ಮಿದುಳಿಗೆ ಹೋಗುವುದಿಲ್ಲ. ಜಠರ ಹಿಗ್ಗಬೇಕು, ಕರುಳಿನಿಂದ ಹಾರ್ಮೋನುಗಳು ಹೊರಡಬೇಕು. ಬಹಳ ಹಸಿದವನು ಈ ವರದಿ ಬರುವ ಮುನ್ನ ಎರಡು ಊಟವನ್ನು ಮುಗಿಸಿರುತ್ತಾನೆ. ಇನ್ನೊಂದು ಸುದ್ದಿ ಕೊಬ್ಬಿನಿಂದ ಹೊರಡುತ್ತದೆ. 1949ರಲ್ಲಿ ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ, ಎಷ್ಟು ತಿಂದರೂ ತಣಿಯದೆ ಉಂಡೆಯಂತೆ ಕೊಬ್ಬುವ ಇಲಿಗಳ ಒಂದು ವಂಶ ಕಾಣಿಸಿಕೊಂಡಿತು. ಅವುಗಳಲ್ಲಿ ಕೆಟ್ಟಿರುವ ಜೀನು ಯಾವುದೆಂಬುದನ್ನು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕಂಡುಹಿಡಿದರು. ಅದು ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರು. ಕೊಬ್ಬಿನ ಸಂಗ್ರಹ ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಆಶ್ಚರ್ಯವೆಂದರೆ ಉಪವಾಸ ಹಿಡಿದಾಗ ಕೊಬ್ಬು ಇನ್ನೂ ಹೆಚ್ಚೇನೂ ಕರಗದಿರುವಾಗಲೇ ಲೆಪ್ಟಿನ್ ಸರ್ರನೆ ಇಳಿದುಬಿಡುತ್ತದೆ. ಕಣಜದಲ್ಲಿ ಕಾಳಿದ್ದರೂ ಊರಲ್ಲಿ ಡಂಗುರ ಬರದ್ದೇ. ಜಠರದಿಂದ ಬರುವ ಘ್ರೆಲಿನ್ ಎಂಬುದು ಇದಕ್ಕೆ ಎದುರಾದ ಹಾರ್ಮೋನು. 1999ರಲ್ಲಿ ಜಪಾನಿನ ಕೊಜಿಮ, ಕಂಗಾವ ಮೊದಲಾದವರು ಕಂಡುಹಿಡಿದುದು. ಊಟಕ್ಕೆ ಮುಂಚೆ ಅದು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ.

ಹಾರ್ಮೋನುಗಳಲ್ಲಿಯೇ ಎಲ್ಲವೂ ಮುಗಿದಿದ್ದರೆ ವಿಷಯ ಸುಲಭವಾಗುತ್ತಿತ್ತು. ಮನಸ್ಸಿನ ಪಾಲನ್ನು ತೋರಿಸುವ ಪ್ರಯೋಗವೊಂದನ್ನು ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿನಿಯರನ್ನು ‘ರುಚಿಪರೀಕ್ಷೆ’ ಎಂದು ಕರೆಸಿ, ಕೆಲವರಿಗೆ ಏನನ್ನೂ ಕೊಡದೆ, ಕೆಲವರಿಗೆ ಒಂದು ಲೋಟ ಮಿಲ್ಕ್‌ಶೇಕ್, ಕೆಲವರಿಗೆ ಎರಡು ಲೋಟ ಕುಡಿಸಿ, ಆಮೇಲೆ ಐಸ್‌ಕ್ರೀಂ ಮುಂದಿಟ್ಟು ಬೇಕಾದಷ್ಟು ತಿಂದು ರುಚಿ ಹೇಳಿರೆಂದರು. ಎಷ್ಟು ತಿಂದರೆಂಬುದನ್ನು ಗುಟ್ಟಾಗಿ ತೂಗಿದರು. ಊಟದ ಬಗೆಗೆ ಚಿಂತೆಯಿಲ್ಲದ ಹುಡುಗಿಯರು ಹೆಚ್ಚು ಕುಡಿದಿದ್ದಷ್ಟೂ ಕಡಮೆ ತಿಂದರು, ಇದು ನಿರೀಕ್ಷಿಸಬೇಕಾದುದೇ. ಆದರೆ ಸದಾ ಮಿತಾಹಾರದ ಕಟ್ಟಿನಲ್ಲಿದ್ದವರು ಮಿಲ್ಕ್‌ಶೇಕ್ ಕುಡಿದ ಮೇಲೆ, ಏನನ್ನೂ ಕುಡಿಯದಿದ್ದ ತಮ್ಮಂಥವರಿಗಿಂತ ಹೆಚ್ಚು ಐಸ್‌ಕ್ರೀಂ ತಿಂದರು! ಹೇಗೂ ಇವತ್ತಿನ ವ್ರತ ಕೆಟ್ಟಿತು, ಇನ್ನು ಇದ್ದಷ್ಟನ್ನೂ ತಿಂದುಬಿಡೋಣ ಎಂಬ ಮನೋಭಾವ. ಮರುವರ್ಷ ಜ್ಯಾನೆಟ್ ಪೊಲಿವಿ ತೋರಿಸಿದ್ದು ಇನ್ನೂ ವಿಚಿತ್ರ: ಮೊದಲು ಕೊಟ್ಟ ತಿನಿಸಿನಲ್ಲಿ ನಿಜವಾಗಿ ಎಷ್ಟು ಕ್ಯಾಲೊರಿಯಿತ್ತೆಂಬುದಕ್ಕಿಂತ, ಹೆಚ್ಚಿದೆಯೆಂದು ಅವರು ನಂಬಿದ್ದೇ ಕಟ್ಟೊಡೆಯಲು ಸಾಕಾಯಿತು. ಆಟ್‌ವಾಟರರ ತಾಮ್ರದ ಕೊಠಡಿ ಅಳೆಯಲಾರದ ರಾಶಿ ಇದು.

ಹೀಗೆ ಚಕ್ರ ಪೂರ್ತಿಯಾಗುತ್ತದೆ. ನಿಷೇಧದಿಂದ ಹಸಿವೆ ಮತ್ತು ಗೀಳು, ಅದರಿಂದ ಕಟ್ಟೊಡೆತ, ಅದರಿಂದ ನಾಚಿಕೆ, ನಾಚಿಕೆಯಿಂದ ಮತ್ತಷ್ಟು ಬಿಗಿಯಾದ ನಿಷೇಧ. ಇದನ್ನು ಎಲ್ಲಿ ಕತ್ತರಿಸಬೇಕು? ಎಲ್ಲರ ಮನಸ್ಸೂ ಹೋಗುವುದು ಕಟ್ಟೊಡೆತದ ಕಡೆಗೆ. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೊಫರ್ ಫೇರ್‌ಬರ್ನ್ 1980ರ ದಶಕದಿಂದ ರೂಪಿಸುತ್ತ ಬಂದ ಚಿಕಿತ್ಸೆ ನಿಷೇಧದ ಕಡೆಯಿಂದಲೇ ಕತ್ತರಿಸುತ್ತದೆ. ರೋಗಿಗೆ ಕೊಡುವ ಮುಖ್ಯ ವಿಧಿ ಕೇಳಲು ಹಾಸ್ಯಾಸ್ಪದವಾಗಿದೆ: ಹೊತ್ತು ಹೊತ್ತಿಗೆ ಊಟ ಮಾಡಿ. ಮೂರು ಊಟ, ನಡುವೆ ಎರಡು ಚಿಕ್ಕ ತಿಂಡಿ. ಯಾವ ಎರಡರ ನಡುವೆಯೂ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಹಸಿವೆಯಾಗಿದೆಯೋ ಇಲ್ಲವೋ ಎಂದು ಮೊದಮೊದಲು ನೋಡಬೇಕಾಗಿಲ್ಲ. ಬಹುಕಾಲ ಓಲಾಡಿದವನ ಹಸಿವೆ ನಂಬತಕ್ಕ ಸಾಕ್ಷಿಯಲ್ಲ. ಗಡಿಯಾರವೇ ಅವನ ಗುರು. ಕೊಳಾಯಿಯನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ, ಕಾದು, ಮತ್ತೆ ತಿರುಗಿಸುವ ಕ್ರಮ ಇದು.

ವಿದ್ಯಾರ್ಥಿನಿಲಯದಲ್ಲಿರುವವರಿಗೆ ಇದನ್ನು ಹೊಂದಿಸಿ ನೋಡೋಣ. ಬೆಳಗ್ಗೆ ಎಂಟಕ್ಕೆ ಇಡ್ಲಿಯೋ ಉಪ್ಪಿಟ್ಟೋ. ಹನ್ನೊಂದಕ್ಕೆ ಒಂದು ಬಾಳೆಹಣ್ಣು, ಮಜ್ಜಿಗೆ. ಒಂದೂವರೆಗೆ ಹೊಟ್ಟೆ ತುಂಬ ಊಟ. ಐದಕ್ಕೆ ಕಾಫಿಯೊಡನೆ ಏನಾದರೂ ಒಂದಷ್ಟು. ರಾತ್ರಿ ಎಂಟೂವರೆಗೆ ಮತ್ತೆ ಊಟ. ಹಳೆಯ ಮನೆಗಳಲ್ಲಿ ಅಜ್ಜಿಯರು ನಡೆಸುತ್ತಿದ್ದ ದಿನಚರಿ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಇದರಲ್ಲಿ ಕಠಿನವಾದ ಭಾಗ ಒಂದೇ. ರಾತ್ರಿ ಕಟ್ಟೊಡೆದು ತಿಂದ ಮರುದಿನವೂ ಎಂಟು ಗಂಟೆಯ ಇಡ್ಲಿಯನ್ನು ಬಿಡಕೂಡದು. ‘ನಿನ್ನೆ ಅಷ್ಟು ತಿಂದು ಇಂದು ಮತ್ತೆ ತಿಂಡಿಯೆ?’ ಎಂದು ಮನಸ್ಸು ಗದರಿಸುತ್ತದೆ. ಆ ಗದರಿಕೆಗೆ ಮಣಿದು ತಿಂಡಿ ಬಿಟ್ಟರೆ ಅದೇ ರಾತ್ರಿಯ ಕಟ್ಟೊಡೆತಕ್ಕೆ ಆಗಲೇ ಅಡಿಪಾಯ ಹಾಕಿದಂತಾಯಿತು. ಚಿಕಿತ್ಸೆಯ ತಿರುಳು ಈ ಒಂದು ಇಡ್ಲಿತಟ್ಟೆಯಲ್ಲಿದೆಯೆಂದರೂ ಸಲ್ಲುತ್ತದೆ.

ಇದರ ಜೊತೆಗೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಲು ಹೇಳುತ್ತಾರೆ: ಎಷ್ಟು ಹೊತ್ತಿಗೆ, ಎಲ್ಲಿ, ಏನನ್ನು ತಿಂದೆ, ಆಗ ಮನಸ್ಸಿನಲ್ಲಿ ಏನಿತ್ತು. ಕ್ಯಾಲೊರಿ ಬರೆಯಬೇಕಾಗಿಲ್ಲ. ಪ್ರಯೋಗಾಲಯದ ದಾಖಲೆಯಂತೆ ತಿಂದ ಕೂಡಲೇ ಬರೆಯಬೇಕು. ರಾತ್ರಿ ನೆನಪಿನಿಂದ ಬರೆದುದು ದತ್ತಾಂಶವಾಗುವುದಿಲ್ಲ. ಕೆಲವು ವಾರಗಳಲ್ಲಿ ಪುಟಗಳು ಮಾತಾಡತೊಡಗುತ್ತವೆ. ಒಬ್ಬರಿಗೆ ದೀರ್ಘ ಅಂತರ ಕಾರಣವಾಗಿರುತ್ತದೆ, ಇನ್ನೊಬ್ಬರಿಗೆ ಒಂಟಿತನ, ಮತ್ತೊಬ್ಬರಿಗೆ ಮನೆಯಿಂದ ಬಂದ ಒಂದು ಫೋನು. ಹಸಿವೆಯಲ್ಲದ ಕಾರಣಕ್ಕೆ ಹುಟ್ಟಿದ ತವಕ ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆಂಬುದೂ ಬರೆಯುತ್ತ ಬಂದವರ ಅರಿವಿಗೆ ಬರುತ್ತದೆ. ಆ ಹೊತ್ತನ್ನು ಗೆಳೆಯನ ಕೋಣೆಗೋ ಬೀದಿಯ ಕೊನೆಗೋ ಹೋಗಿಬಂದು ಕಳೆಯಬಹುದು. ಊಟದ ಹೊತ್ತು ನೆಲೆಗೊಂಡ ಬಳಿಕ ನಿಷಿದ್ಧ ತಿನಿಸುಗಳನ್ನು ಒಂದೊಂದಾಗಿ ಮರಳಿ ತರುತ್ತಾರೆ. ಮೈಸೂರುಪಾಕನ್ನು ಮಧ್ಯರಾತ್ರಿ ಕತ್ತಲಲ್ಲಿ ಹತ್ತು ತುಂಡು ನುಂಗುವ ಬದಲು ಊಟದ ಕೊನೆಗೆ ಎಲ್ಲರೆದುರು ಒಂದು ತುಂಡನ್ನು ರುಚಿ ನೋಡಿ ತಿನ್ನುವುದು ಸಹ ಈ ಚಿಕಿತ್ಸೆಯ ಪಾಠ.

ನಿದ್ರೆಯ ಮಾತನ್ನೂ ಪರೀಕ್ಷೆಯ ಕಾಲದಲ್ಲಿರುವ ಓದುಗರಿಗಾಗಿ ಹೇಳಬೇಕು. 2004ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ 12 ಮಂದಿ ಆರೋಗ್ಯವಂತ ತರುಣರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದರು. ಹತ್ತು ಗಂಟೆ ಮಲಗಲು ಬಿಟ್ಟಾಗಿನದಕ್ಕಿಂತ ಲೆಪ್ಟಿನ್ ಶೇಕಡ 18ರಷ್ಟು ಕಡಮೆ, ಘ್ರೆಲಿನ್ ಶೇಕಡ 28ರಷ್ಟು ಹೆಚ್ಚು. ಚಿಕ್ಕ ಪ್ರಯೋಗ, ಅದರಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೂ ರಾತ್ರಿ ಎರಡು ಗಂಟೆಗೆ ಪುಸ್ತಕದ ಮುಂದೆ ಕುಳಿತವನ ಕೈ ಬಿಸ್ಕತ್ತಿನ ಪೊಟ್ಟಣಕ್ಕೆ ಹೋಗುವುದಕ್ಕೆ ಶೀಲದೋಷವೇ ಕಾರಣವಾಗಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಈ ವಾದದ ಎಲ್ಲೆಗಳನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ತಡೆಯಲಾಗದೆ ತಿನ್ನುವವರೆಲ್ಲರೂ ಉಪವಾಸದಿಂದಲೇ ಆ ಸ್ಥಿತಿಗೆ ಬಂದವರಲ್ಲ. ಮಿತಾಹಾರವನ್ನು ಒಮ್ಮೆಯೂ ಹಿಡಿಯದೆ ಬಾಲ್ಯದಿಂದಲೇ ಹೀಗೆ ತಿನ್ನುತ್ತಿದ್ದವರೂ ಇದ್ದಾರೆ. ತಿನಿಸಿನ ಬಗೆಯೂ ಲೆಕ್ಕಕ್ಕೆ ಬರುತ್ತದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸನ್ನೂ ಎರಡು ವಾರ ಸಾಮಾನ್ಯ ಅಡಿಗೆಯನ್ನೂ ಕೊಟ್ಟು, ಬೇಕಾದಷ್ಟು ಉಣ್ಣಲು ಬಿಟ್ಟರು. ಸಿದ್ಧ ತಿನಿಸಿನ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದರು. ಇನ್ನು ಈ ಚಿಕಿತ್ಸೆಯಿಂದ ಮೈ ಸಪೂರವಾದೀತೆಂದು ಯಾರೂ ಎಣಿಸಬಾರದು. ತಿನ್ನುವ ತವಕ ಅನೇಕರಲ್ಲಿ ಅಡಗುತ್ತದೆ, ಕೆಲವರಲ್ಲಿ ಅಡಗುವುದಿಲ್ಲ. ತೂಕ ಮಾತ್ರ ಸಾಮಾನ್ಯವಾಗಿ ಹೆಚ್ಚೇನೂ ಇಳಿಯುವುದಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು 2017ರ ತನ್ನ ಸೂಚನೆಗಳಲ್ಲಿ ಇದನ್ನು ರೋಗಿಗೆ ಮೊದಲೇ ತಿಳಿಸಬೇಕೆಂದು ವೈದ್ಯರಿಗೆ ಹೇಳಿದೆ. ಚಿಕಿತ್ಸೆ ನಡೆಯುತ್ತಿರುವಾಗ ತೂಕ ಇಳಿಸುವ ಪ್ರಯತ್ನವು ಕಟ್ಟೊಡೆತವನ್ನೇ ಕೆರಳಿಸಬಹುದಾದ್ದರಿಂದ ಅದನ್ನು ಕೈಕೊಳ್ಳದಂತೆ ಸಲಹೆ ಕೊಡಬೇಕೆಂದೂ ಹೇಳಿದೆ.

ಪಥ್ಯವೆಂಬ ನಮ್ಮ ಹಳೆಯ ಮಾತನ್ನು ನಾನು ಇಲ್ಲಿ ಬೇಕೆಂದೇ ಬಳಸಲಿಲ್ಲ. ಸಿಹಿಮೂತ್ರ, ಮೂತ್ರಪಿಂಡದ ಕಾಯಿಲೆ ಮೊದಲಾದುವುಗಳಿಗೆ ವೈದ್ಯರು ವಿಧಿಸಿದ ಪಥ್ಯ ಬೇರೆ ವಸ್ತು. ಈ ಲೇಖನವನ್ನು ಓದಿ ಅದನ್ನು ಯಾರೂ ಮುರಿಯಕೂಡದು. ಅಂಥವರಿಗೆ ಈ ತವಕವೂ ಇದ್ದರೆ ಎರಡನ್ನೂ ಅದೇ ವೈದ್ಯರಿಗೆ ಹೇಳಿ ಹೊಂದಿಸಿಕೊಳ್ಳಬೇಕು. ತಿಂದುದನ್ನು ಬೆರಳಿಟ್ಟು ವಾಂತಿ ಮಾಡುವುದು, ಭೇದಿಗುಳಿಗೆ ನುಂಗುವುದು, ದಿನಗಟ್ಟಲೆ ಏನೂ ತಿನ್ನದಿರುವುದು—ಇವು ಸೇರಿದರೆ ಸ್ವಂತ ಪ್ರಯತ್ನದ ಮಾತೇ ಇಲ್ಲ. ಪದೇ ಪದೇ ವಾಂತಿ ಮಾಡಿದಾಗ ರಕ್ತದ ಪೊಟಾಸಿಯಂ ಇಳಿದು ಹೃದಯದ ಬಡಿತ ಕೆಡಬಹುದು, ಪ್ರಾಣಕ್ಕೂ ಅಪಾಯ.

ಮನೋವೈದ್ಯರ ಬಳಿಗೆ ಹೋಗಲು ಸಂಕೋಚಪಡುವವರು ಮೊದಲು ಫೋನಿನಲ್ಲಿ ಮಾತನಾಡಬಹುದು. ಭಾರತ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಯಾವ ಯಾವ ಹೊತ್ತಿಗೆ ಏನೇನು ತಿಂದಿರಿ, ಯಾವ ಹೊತ್ತಿನ ಊಟವನ್ನು ಬಿಟ್ಟಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದನ್ನು ಓದಿ ಹೇಳಿದರೂ ಸಾಕು.